ಅಂದಾಜಪ್ಪ ಕಟ್ಟಿದ ಪಾತಾಳ

ನಮ್ಮ ಕಟ್ಟಡದಲ್ಲಿ ಅಂದಾಜಪ್ಪನ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಮನುಷ್ಯರ ಮಾತು ಹಾಗಿರಲಿ, ಬೀದಿನಾಯಿ ಕೂಡ ಅವನು 'ಹಚಾ' ಎಂದರೆ ಬಾಲ ಅಲ್ಲಾಡಿಸಿಕೊಂಡು ಹತ್ತಿರ ಬರುತ್ತಿತ್ತು. ಪಾಪ, ಅವನಿಗೂ ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೊಂದಿತ್ತು. ಆದರೆ ಪರದೆ ಅಂಗಡಿಯಲ್ಲಿ ಅಳತೆ ತೆಗೆಯುವ ಕೆಲಸಕ್ಕೆ ಸೇರಿದ ಮೇಲೆ ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಮನೆಮನೆಗೆ ಹೋಗಿ ಕಿಟಕಿಗೆ ಟೇಪು ಹಿಡಿಯುತ್ತಾನೆ. ಆಮೇಲೆ ಪೆನ್ಸಿಲು ಹುಡುಕುತ್ತಾನೆ. ಪೆನ್ಸಿಲು ಕಿವಿಯ ಮೇಲೇ ಇದೆ ಎಂದು ತಿಳಿಯುವಷ್ಟರಲ್ಲಿ ಅಳತೆ ಮರೆತುಹೋಗಿ, "ಅಂದಾಜು ಇಷ್ಟು" ಎಂದು ಬರೆದುಕೊಳ್ಳುತ್ತಾನೆ. ಅವನು ಅಳೆದ ಪರದೆಗಳೆಲ್ಲ ನಾಲ್ಕು ಬೆರಳು ಗಿಡ್ಡ. ನಮ್ಮ ಬೀದಿಯಲ್ಲಿ ಯಾರ ಪರದೆಯ ಕೆಳಗಾದರೂ ಇಣುಕಿ ನೋಡುವಷ್ಟು ಸಂದಿ ಇದ್ದರೆ, ಅದು ಅಂದಾಜಪ್ಪನ ಕೈಚಳಕ ಎಂದು ತಿಳಿಯಬೇಕು.

ಇಂಥವನು ಒಂದು ದಿನ ನನ್ನ ಕನ್ನಡಕದ ಅಂಗಡಿಗೆ ಬಂದು, ಎದೆ ಸೆಟೆಸಿ ನಿಂತು, "ಕನ್ನಡಕದಣ್ಣ, ಭಾನುವಾರ ಮಧ್ಯಾಹ್ನ ನಮ್ಮನೆಗೆ ಬನ್ನಿ. ನಾನು ಆಟ ನಡೆಸ್ತೀನಿ" ಎಂದ.

ನನ್ನ ಅಂಗಡಿ ಇರುವುದು ಕಟ್ಟಡದ ಬುಡದಲ್ಲಿ, ಮನೆ ಅವನ ಮನೆಯ ಎದುರಿಗೆ. ನಾನು ಸ್ವಭಾವತಃ ಮಿತಭಾಷಿ. ಆದ್ದರಿಂದ ಅರ್ಧ ಗಂಟೆ ಮಾತ್ರ ವಿಚಾರಿಸಿ ವಿಷಯ ತಿಳಿದುಕೊಂಡೆ.

ಯಾವುದೋ ಮನೆಗೆ ಅವನು ಅಳತೆಗೆ ಹೋಗಿದ್ದಾಗ ಅಲ್ಲಿ ನಾಲ್ಕಾರು ಹುಡುಗರು ಮೇಜಿನ ಸುತ್ತ ಕೂತು ಈ ಆಟ ಆಡುತ್ತಿದ್ದರಂತೆ. ಒಬ್ಬ ಸೂತ್ರಧಾರ. ಅವನು, "ನೀವು ಪಾತಾಳದ ಗವಿಯಲ್ಲಿದ್ದೀರಿ, ಎದುರಿಗೆ ಬಾಗಿಲಿದೆ" ಎನ್ನುತ್ತಾನೆ. ಮಿಕ್ಕವರು ವೀರರು, ಕಳ್ಳರು, ಮಂತ್ರವಾದಿಗಳು. "ಏನು ಮಾಡ್ತೀರಿ?" ಎಂದು ಅವನು ಕೇಳುತ್ತಾನೆ, ಇವರು ಹೇಳುತ್ತಾರೆ, ಅನುಮಾನ ಬಂದಲ್ಲಿ ದಾಳ ಉರುಳಿಸುತ್ತಾರೆ. ಹಳೇ ಪದ್ಧತಿಯ ಆಟವಾದ್ದರಿಂದ ನಿಯಮಗಳೆಲ್ಲ ಸೇರಿ ಒಂದು ತೆಳ್ಳನೆಯ ಪುಸ್ತಕ. ಅದರ ಕೊನೆಯ ಸಾಲೇ ಅಂದಾಜಪ್ಪನ ತಲೆ ಕೆಡಿಸಿದ್ದು: 'ನಿಯಮ ಇಲ್ಲದ ಕಡೆ ಸೂತ್ರಧಾರ ಹೇಳಿದ್ದೇ ನಿಯಮ.'

ಅಂಗಡಿಯಲ್ಲಿ ಯಜಮಾನ, ಮನೆಯಲ್ಲಿ ಹೆಂಡತಿ, ಕಟ್ಟಡದಲ್ಲಿ ಸೆಕ್ರೆಟರಿ. ತಾನು ಹೇಳಿದ್ದೇ ಕೊನೆ ಎನ್ನುವ ಜಾಗ ಭೂಮಿಯ ಮೇಲೆ ಅವನಿಗೆ ಎಲ್ಲೂ ಇರಲಿಲ್ಲ. ಭೂಮಿಯ ಕೆಳಗೆ ಇದೆ ಎಂದು ಆ ದಿನ ಗೊತ್ತಾಯಿತು. ಒಂದು ಕಿಟಕಿಯನ್ನು ಮಧ್ಯಾಹ್ನವಿಡೀ ಅಳೆಯುತ್ತ ನಿಂತು ಆಟ ಕಲಿತುಬಂದ.

"ಎಷ್ಟು ಸಲ ನಡೆಸಿದ್ದೀಯಪ್ಪ?" ಎಂದೆ.

"ಅಂದಾಜು ಐವತ್ತು ಸಲ" ಎಂದ. ಒಂದು ಸಲವೂ ನಡೆಸಿರಲಿಲ್ಲ.

ಆ ಭಾನುವಾರಕ್ಕೆ ಇನ್ನೊಂದು ವಿಶೇಷವಿತ್ತು. ಅವನ ಅತ್ತೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹದಿನೈದು ದಿನಕ್ಕೆಂದು ಮಗಳ ಮನೆಗೆ ಬಂದವರು, ಪೊರೆ ಹೋಗಿ, ಕಣ್ಣು ಚೆನ್ನಾಗಿ ಕಾಣತೊಡಗಿ, ನನ್ನ ಅಂಗಡಿಯಲ್ಲಿ ಎರಡು ಸಲ ಕನ್ನಡಕ ಬದಲಾಯಿಸಿದ ಮೇಲೂ ಅಲ್ಲೇ ಇದ್ದರು. ಈಗ ಅವರ ಕಿರಿಯ ಮಗಳು, "ಅಮ್ಮ ನನ್ನ ಹತ್ರಾನೇ ಬಂದುಬಿಡ್ಲಿ" ಎಂದಿದ್ದಳು. ಅವಳ ಗಂಡ, ಎಂದರೆ ಅಂದಾಜಪ್ಪನ ಷಡ್ಡಕ, ಭಾನುವಾರ ಸಂಜೆ ಕಾರು ತರುವವನಿದ್ದ. ಅಂದಾಜಪ್ಪನ ಹೆಂಡತಿಗೆ ಅಮ್ಮ ಹೋಗುವುದು ಸುತರಾಂ ಇಷ್ಟವಿಲ್ಲ.

"ರೀ, ಅಮ್ಮ ಇಲ್ಲೇ ಇರ್ಲಿ ಅಂತ ನೀವು ಬಾಯ್ಬಿಟ್ಟು ಹೇಳ್ಬೇಕು. ನಾನು ಹೇಳಿದ್ರೆ ಅವರು ಇರಲ್ಲ. ಅಳಿಯ ಕರೀಲಿ ಅಂತ ಕಾಯ್ತಿದ್ದಾರೆ."

"ಹೇಳ್ತೀನಿ ಕಣೇ. ಸಮಯ ನೋಡ್ಕೊಂಡು ಹೇಳ್ತೀನಿ."

"ಭಾನುವಾರ ಹೋದ್ರೆ ಅಮ್ಮ ಮತ್ತೆ ಬರಲ್ಲ. ತಿಳ್ಕೊಳ್ಳಿ."

ಅವರ ಮನೆಯ ಮಾತು ನನ್ನ ಕಿವಿಗೆ ಬೀಳುವುದು ನನ್ನ ತಪ್ಪಲ್ಲ. ಬಾಗಿಲಿಗೆ ಕಿವಿ ಇಟ್ಟಾಗ ತಾನಾಗಿಯೇ ಬೀಳುತ್ತದೆ. ಅವನು ಮಾತ್ರ ವಾರವೆಲ್ಲ ಆ ಒಂದು ಮಾತನ್ನು ಗಂಟಲಲ್ಲೇ ಇಟ್ಟುಕೊಂಡು, ರಾತ್ರಿ ಹಗಲು ಕೂತು ಪಾತಾಳ ಕಟ್ಟಿದ.

ಭಾನುವಾರ ಮಧ್ಯಾಹ್ನ ಮೇಜಿನ ಸುತ್ತ ನಾವು ನಾಲ್ವರು: ಅತ್ತೆ, ಅವನ ಹೆಂಡತಿ, ಕಟ್ಟಡದ ಸೆಕ್ರೆಟರಿ ಮತ್ತು ನಾನು. ಸೂತ್ರಧಾರ ಗುಟ್ಟಾಗಿ ದಾಳ ಉರುಳಿಸಬೇಕಂತೆ. ಅದಕ್ಕಾಗಿ ಮೇಜಿಗೆ ಅಡ್ಡ ಒಂದು ಪುಟ್ಟ ಪರದೆಯನ್ನು ತಾನೇ ಅಳೆದು ಹೊಲಿಸಿದ್ದ. ಅದೂ ನಾಲ್ಕು ಬೆರಳು ಗಿಡ್ಡ. ಮೇಲೆ ಅವನ ಗಂಭೀರವಾದ ಮುಖ ಮರೆಯಾಗಿತ್ತು, ಕೆಳಗೆ ಬಿದ್ದ ದಾಳ ಎಲ್ಲರಿಗೂ ಕಾಣುತ್ತಿತ್ತು.

ಸೆಕ್ರೆಟರಿ ನಿಯಮದ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಇಷ್ಟೇನಾ? ನಮ್ಮ ಕಟ್ಟಡದಲ್ಲಿ ಸೈಕಲ್ ನಿಲ್ಸೋ ನಿಯಮಾನೇ ಇದರ ಎರಡರಷ್ಟಿದೆ. ಇದಕ್ಕೆ ಸರ್ವಸದಸ್ಯರ ಒಪ್ಪಿಗೆ ಆಗಿದ್ಯಾ?"

"ಸಾರ್, ಇದ್ರಲ್ಲಿ ಸೂತ್ರಧಾರ ಹೇಳಿದ್ದೇ ನಿಯಮ" ಎಂದ ಅಂದಾಜಪ್ಪ, ಪರದೆಯ ಹಿಂದಿನಿಂದ.

"ಇದೊಳ್ಳೆ ಸರ್ವಾಧಿಕಾರ ಆಯ್ತಲ್ಲ!" ಎಂದರು ಸೆಕ್ರೆಟರಿ. ಅವರ ಧ್ವನಿಯಲ್ಲಿ ಕೋಪಕ್ಕಿಂತ ಹೊಟ್ಟೆಕಿಚ್ಚು ಜಾಸ್ತಿಯಿತ್ತು.

ಪಾತ್ರ ಹಂಚಿಕೆ ಆಯಿತು. ಸೆಕ್ರೆಟರಿ ವೀರ, ನಾನು ಮಂತ್ರವಾದಿ, ಹೆಂಡತಿ ಗಾಯಕ್ಕೆ ಮದ್ದು ಹಾಕುವ ಸನ್ಯಾಸಿನಿ. ಅತ್ತೆ ಮಾತ್ರ, "ಕಡಿಮೆ ಭಾರ ಹೊರೋ ಕೆಲಸ ಯಾವ್ದಿದೆ?" ಎಂದು ಕೇಳಿ ಕಳ್ಳಿಯಾದರು. ಸೂತ್ರಧಾರ ಗಂಟಲು ಸರಿಮಾಡಿಕೊಂಡು, "ಪಾತಾಳದ ಬಾಗಿಲು ತೆರೀತು. ಕತ್ತಲು. ನೀವು ಏನು ಮಾಡ್ತೀರಿ?" ಎಂದ.

ಸೆಕ್ರೆಟರಿ ಮುಖ ಗಂಟಿಕ್ಕಿದರು. "ನಾನು ನಿವೃತ್ತಿ ಆಗಿದ್ದು ನಿಮಗೆ ಗೊತ್ತಿಲ್ವಾ?"

"ಅದಲ್ಲ ಸಾರ್." ಅಂದಾಜಪ್ಪ ಹೆಂಡತಿಯ ಕಡೆ ತಿರುಗಿದ. "ನೀನೇನ್ ಮಾಡ್ತೀಯ?"

"ಏನ್ ಮಾಡ್ಲಿ, ನಿಮ್ಮನ್ನ ಕಟ್ಕೊಂಡಿದ್ದಾಯ್ತಲ್ಲ."

"ಅತ್ತೆ, ನೀವೇನ್ ಮಾಡ್ತೀರಿ?"

"ಏನ್ ಮಾಡೋದು ಅಳಿಯಂದಿರೇ, ಮಂಡಿನೋವು" ಎಂದು ಅತ್ತೆ ಪುಟ್ಟ ಡಬ್ಬಿ ತೆಗೆದು ಮಂಡಿಗೆ ಮುಲಾಮು ಹಚ್ಚಿಕೊಂಡರು.

ಹೀಗೆ ಪಾತಾಳದ ಬಾಗಿಲಲ್ಲೇ ಸ್ವಲ್ಪ ಹೊತ್ತು ಕಳೆದ ಮೇಲೆ ಮೆಟ್ಟಿಲು ಇಳಿಯತೊಡಗಿದೆವು. "ಗೋಡೆ ತೇವ ಇದೆ. ತಿರುವಿನಲ್ಲಿ ಒಂದು ಮೆಟ್ಟಿಲು ಒಡೆದಿದೆ" ಎಂದ ಸೂತ್ರಧಾರ.

"ವೀರರು ಮೆಟ್ಟಿಲು ನೋಡಲ್ಲ. ನಾನು ನುಗ್ತೀನಿ!" ಎಂದರು ಸೆಕ್ರೆಟರಿ.

ದಾಳ ಉರುಳಿತು. "ಬಿದ್ರಿ ಸಾರ್. ಸತ್ರಿ."

"ಸತ್ನಾ? ಕತ್ತಿ ಕೂಡ ತೆಗೆದಿಲ್ಲ, ಮೆಟ್ಟಿಲಿಂದ ಬಿದ್ದು ಸತ್ನಾ?"

"ಹಳೇ ಪದ್ಧತಿ ಸಾರ್. ಜೀವ ಅಗ್ಗ. ಇನ್ನೊಬ್ಬ ವೀರನ್ನ ತಗೊಳ್ಳಿ."

ಅವನ ಹೆಂಡತಿ ಹುಬ್ಬೇರಿಸಿದಳು. "ತಿರುವಿನ ಮೆಟ್ಟಿಲು ಒಡೆದಿದೆ, ಯಾರಾದ್ರೂ ಬಿದ್ದು ಸಾಯ್ತಾರೆ ಅಂತ ನಾನು ಸೆಕ್ರೆಟರಿಗೆ ಹೋದ ವರ್ಷಾನೇ ಹೇಳಿದ್ದೆ."

"ಅರೆ, ಇದು ನಮ್ಮ ಮೆಟ್ಟಿಲೇ!" ಎಂದರು ಅತ್ತೆ, ಹೊಸ ಕನ್ನಡಕದೊಳಗೆ ಕಣ್ಣರಳಿಸಿ. "ಬಲಗಡೆ ಗೋಡೆ ಹಿಡ್ಕೊಂಡು ಇಳೀಬೇಕು. ನನ್ನ ಕಳ್ಳಿ ಹಾಗೇ ಇಳೀತಾಳೆ."

ಕಳ್ಳಿ ಸುಖವಾಗಿ ಇಳಿದಳು. ಅಂದಾಜಪ್ಪ ಪರದೆಯ ಅಂಚು ಎಳೆದುಕೊಂಡು ಹಣೆ ಒರೆಸಿಕೊಂಡದ್ದು ಆಗಲೇ. ತಾನು ಟೇಪು ಹಿಡಿಯದ ಕೋಣೆಯನ್ನು ಕನಸಿನಲ್ಲೂ ಕಂಡವನಲ್ಲ ಅವನು. ಪಾತಾಳ ಕಟ್ಟು ಎಂದರೆ ಎಲ್ಲಿಂದ ತಂದಾನು? ಇದ್ದದ್ದು ಇದೊಂದೇ ಕಟ್ಟಡ. ಅದನ್ನೇ ತಲೆಕೆಳಗು ಮಾಡಿ ನೆಲದೊಳಗೆ ಇಳಿಸಿದ್ದ. ಕೋಣೆಗಳ ಜೊತೆಗೆ ಅವುಗಳಲ್ಲಿ ವಾಸ ಮಾಡುವವರೂ ಇಳಿದುಹೋಗಿದ್ದರು.

ನೀರಿನ ತೊಟ್ಟಿ ಬಂತು. ಅದನ್ನು ಕಾಯುತ್ತಿದ್ದದ್ದು ಒಂದು ಅಸ್ಥಿಪಂಜರ. ಸೊಂಟದಲ್ಲಿ ಕೀಲಿಕೈ ಗೊಂಚಲು. ಯಾರು ನೀರು ಕೇಳಿದರೂ, "ಅರ್ಜಿ ಕೊಟ್ಟಿದ್ದೀರಾ?" ಎನ್ನುತ್ತದೆ.

ಸೆಕ್ರೆಟರಿ ಬಿದ್ದು ಬಿದ್ದು ನಕ್ಕರು. "ಇರ್ತಾರೆ, ಇರ್ತಾರೆ! ಇಂಥ ಒಣಕಲು ಅಧಿಕಾರಿಗಳನ್ನ ನಾನು ಬೇಕಾದಷ್ಟು ನೋಡಿದ್ದೀನಿ!" ಅವರು ನಕ್ಕಷ್ಟೂ ಸೊಂಟದಲ್ಲಿದ್ದ ಕಟ್ಟಡದ ಕೀಲಿಕೈಗಳು ಝಣಝಣ ಎನ್ನುತ್ತಿದ್ದವು. ನಾವು ಮೂವರೂ ಮೇಜಿನ ಹಾಸಿನ ಹೂವು ಎಣಿಸಿದೆವು.

ಅದರಾಚೆ ಒಕ್ಕಣ್ಣ ದೈತ್ಯ. ಕಣ್ಣಿಗೆ ಒಂದು ಗಾಜು ಹಿಡಿದು ಹೋಗಿಬರುವವರನ್ನು ನೋಡುತ್ತಾನೆ. ಕಚ್ಚುವುದಿಲ್ಲ, ಹೊಡೆಯುವುದಿಲ್ಲ. ಕೈ ಹಿಡಿದುಕೊಂಡು ಮಾತಾಡುತ್ತಾನೆ. ಅವನ ಮಾತು ಮುಗಿಯುವಷ್ಟರಲ್ಲಿ ಪಂಜು ಆರಿಹೋಗಿ ಎಲ್ಲರೂ ಕತ್ತಲಲ್ಲಿ ಸಾಯುತ್ತಾರೆ. ಇಷ್ಟು ಹೇಳಿ ಅಂದಾಜಪ್ಪ ನಾಲಿಗೆ ಕಚ್ಚಿಕೊಂಡ. ಎಲ್ಲರೂ ಯಾಕೋ ನನ್ನನ್ನೇ ನೋಡಿದರು. ಇಂಥ ಮಾತುಗಾರರು ಪಕ್ಕದ ಬೀದಿಯಲ್ಲಿ ಇಬ್ಬರಿದ್ದಾರೆ, ಅವರಿಂದ ನನಗೆ ಎಷ್ಟು ತೊಂದರೆಯಾಗಿದೆ, ಮೊದಲನೆಯವನು ನನ್ನ ಅಂಗಡಿಗೆ ಬಂದದ್ದು ಹೇಗೆ ಎಂದು ನಾನು ಸಂಕ್ಷೇಪವಾಗಿ ವಿವರಿಸಿ ಮುಗಿಸಿದಾಗ, "ಪಂಜು ಆರಿಹೋಯ್ತು" ಎಂದ ಸೂತ್ರಧಾರ.

"ಓಹೋ! ಇದು ಕನ್ನಡಕದವರು!" ಎಂದು ಸೆಕ್ರೆಟರಿ ಮೇಜು ಗುದ್ದಿದರು. ಮರುಗಳಿಗೆಗೆ ಅವರ ನಗು ನಿಂತಿತು. ಕೈ ಮೆಲ್ಲಗೆ ಸೊಂಟಕ್ಕೆ ಹೋಯಿತು. "ಹಾಗಾದ್ರೆ... ಆ ಅಸ್ಥಿಪಂಜರ?"

ತಮ್ಮ ತಟ್ಟೆಯ ಹೆಗ್ಗಣ ಕಾಣದವರು ನಾವೆಲ್ಲ, ಪಕ್ಕದ ತಟ್ಟೆಯ ನೊಣ ತೋರಿಸುವುದರಲ್ಲಿ ನಿಸ್ಸೀಮರು.

ಅಂದಾಜಪ್ಪ ಗಾಬರಿಯಲ್ಲಿ ಹಾಳೆ ತಿರುಗಿಸಿದ. ಅವನ ಗ್ರಹಚಾರ, ಮುಂದಿನ ಕೋಣೆಯಲ್ಲಿ ಬಿಳಿ ಕೋಟಿನ ರಕ್ತಪಿಶಾಚಿ ಇದ್ದಳು. "ಉಸಿರು ಎಳ್ಕೊಳ್ಳಿ, ಇರುವೆ ಕಚ್ಚಿದ ಹಾಗೆ ಅಷ್ಟೇ" ಎಂದು ನಯವಾಗಿ ಹೇಳಿ ತೋಳಿಗೆ ಚುಚ್ಚುತ್ತಾಳೆ. ಅವನ ಹೆಂಡತಿ ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆಂದು ನಾನು ಈಗ ಹೇಳಬೇಕಾಗಿಲ್ಲ.

"ರೀ" ಎಂದಳು ಅವಳು.

ಅಷ್ಟೇ. ಗಂಡಸಿನ ಆಯುಸ್ಸು ಇಳಿಸುವ ಈ ಒಂದಕ್ಷರದ ಮಂತ್ರ ಯಾವ ಮಂತ್ರವಾದಿಯ ಪುಸ್ತಕದಲ್ಲೂ ಇಲ್ಲ. ಪರದೆಯ ಹಿಂದೆ ಅಂದಾಜಪ್ಪ ಇನ್ನಷ್ಟು ಕುಗ್ಗಿದ. ದಾಳವೊಂದು ಮೇಜಿನಿಂದ ಜಾರಿ ಬಿತ್ತು. ಅದನ್ನು ಎತ್ತಿಕೊಳ್ಳುವ ನೆಪದಲ್ಲಿ ಬಹಳ ಹೊತ್ತು ಮೇಜಿನ ಕೆಳಗೇ ಇದ್ದ.

ಮೇಲೆ ಬಂದವನೇ, "ಇಲ್ಲಿಗೆ ಆಟ ಮುಗೀತು. ಎಲ್ಲರೂ ಗೆದ್ರಿ. ಕಾಫಿ ಕುಡಿಯೋಣ" ಎಂದ.

"ಅದು ಹೇಗೆ ಮುಗಿಯುತ್ತೆ?" ಎಂದರು ಸೆಕ್ರೆಟರಿ. ಅವರೀಗ ಗಾಯಗೊಂಡ ಹುಲಿ. "ಇನ್ನೂ ಕೊನೇ ಕೋಣೆ ಬಾಕಿ ಇದೆ. ಒಳಗೆ ಏನಿದೆ ಅಂತ ಹೇಳೋದು ಸೂತ್ರಧಾರನ ಕರ್ತವ್ಯ. ಓದಿ!"

ಸೆಕ್ರೆಟರಿ 'ಓದಿ' ಎಂದರೆ ಓದುವುದು ಅಂದಾಜಪ್ಪನಿಗೆ ರಕ್ತಗತವಾದ ಅಭ್ಯಾಸ. ಹಾಳೆಯ ಮೇಲೆ ಕಣ್ಣಿಟ್ಟು ಒಂದೇ ಉಸಿರಿಗೆ ಓದಿಬಿಟ್ಟ: "ಮುಂದಿನ ಕೋಣೆ. ಬಾಗಿಲ ಪಕ್ಕದಲ್ಲಿ ಒಂದು ಮುದಿ ಡ್ರ್ಯಾಗನ್. ತಗಡಿನ ಟ್ರಂಕು ಬಿಟ್ಟು ಏಳಲ್ಲ. ರಾತ್ರಿ ನಿದ್ದೆ ಮಾಡಲ್ಲ. ಯಾರು ಎಷ್ಟು ಮೆತ್ತಗೆ ಬಂದ್ರೂ 'ಯಾರದು?' ಅನ್ನುತ್ತೆ. ಉಸಿರು ಬಿಟ್ರೆ ಮುಲಾಮಿನ ವಾಸನೆ, ಕಣ್ಣು ಉರಿಯುತ್ತೆ. ಬಂದು ಬಹಳ ದಿನ ಆಯ್ತು. ಯಾವ ವೀರನಿಂದಲೂ ಕದಲಿಸೋಕೆ ಆಗಿಲ್ಲ."

ಅತ್ತೆಯ ಕೈಯಲ್ಲಿ ಮುಲಾಮಿನ ಡಬ್ಬಿ ಇನ್ನೂ ತೆರೆದೇ ಇತ್ತು. ಬಾಗಿಲ ಪಕ್ಕದಲ್ಲಿ ಅವರು ಮಲಗುತ್ತಿದ್ದ ದಿವಾನದ ಬಳಿ ಅವರ ಟ್ರಂಕು ಕಟ್ಟಿ ಸಿದ್ಧವಾಗಿತ್ತು.

"ಅದು ಗಂಡು ಡ್ರ್ಯಾಗನ್" ಎಂದ ಅಂದಾಜಪ್ಪ.

ಅವನ ಹೆಂಡತಿ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡಳು. ಸೆಕ್ರೆಟರಿಗೂ ತಾವು ಬಲವಂತ ಮಾಡಿದ್ದು ಅತಿಯಾಯಿತು ಅನ್ನಿಸಿರಬೇಕು, "ಮುಂದಿನ ಭಾನುವಾರಕ್ಕೆ ಮುಂದೂಡೋಣ" ಎಂದು ಎದ್ದರು.

"ಕೂತ್ಕೊಳ್ಳಿ" ಎಂದರು ಅತ್ತೆ. ಡಬ್ಬಿಯ ಮುಚ್ಚಳ ತಿರುಗಿಸಿ ಮುಚ್ಚಿದರು. "ನನ್ನ ಕಳ್ಳಿ ಒಳಗೆ ಹೋಗ್ತಾಳೆ. ಕೇಳಿ ಅಳಿಯಂದಿರೇ, ಕೇಳ್ಬೇಕಾದ್ದು."

"ಏನ್... ಏನ್ ಮಾಡ್ತೀರಿ ಅತ್ತೆ?"

"ಮಾತಾಡಿಸ್ತೀನಿ. ಡ್ರ್ಯಾಗನ್ನ ಮಾತಾಡ್ಸೋಕೆ ನಿಯಮ ಇದ್ಯಾ?"

ಇತ್ತು. ಎರಡು ದಾಳ ಉರುಳಿಸಬೇಕು. ಹೆಚ್ಚು ಬಿದ್ದರೆ ಪ್ರಾಣಿ ಸ್ನೇಹದಿಂದ ಮಾತಾಡುತ್ತದೆ, ಕಡಿಮೆ ಬಿದ್ದರೆ ಮೈಮೇಲೆ ಬೀಳುತ್ತದೆ. ಅಂದಾಜಪ್ಪ ಉರುಳಿಸಿದ. ಪರದೆಯ ಸಂದಿಯಲ್ಲಿ ಎರಡು ಮತ್ತು ಒಂದು ನಮಗೆಲ್ಲ ಸ್ಪಷ್ಟವಾಗಿ ಕಂಡವು.

"ಹನ್ನೊಂದು" ಎಂದ.

"ಮೂರು" ಎಂದರು ಸೆಕ್ರೆಟರಿ, ಅಭ್ಯಾಸಬಲದಿಂದ.

"ಹನ್ನೊಂದು ಸಾರ್! ಸೂತ್ರಧಾರ ಹೇಳಿದ್ದೇ ನಿಯಮ!" ಅವನ ಧ್ವನಿ ಒಡೆದಿತ್ತು. ಜೀವಮಾನದಲ್ಲಿ ಮೊದಲ ಸಲ ಸೆಕ್ರೆಟರಿ ಅವನ ಮಾತಿಗೆ ಸುಮ್ಮನಾದರು.

ಅತ್ತೆ ಪರದೆಯನ್ನೇ ನೋಡುತ್ತ ಕೇಳಿದರು: "ಏನಮ್ಮ ಡ್ರ್ಯಾಗನ್ನು, ರಾತ್ರಿ ಯಾಕೆ ನಿದ್ದೆ ಮಾಡಲ್ಲ ನೀನು?"

"ಅದು... ಅಂದಾಜು..."

"ಅಂದಾಜು ಬೇಡ. ಅದು ಏನು ಹೇಳುತ್ತೋ ಅದನ್ನ ಹೇಳಿ."

ಅಂದಾಜಪ್ಪ ಯೋಚಿಸಿದ. ಪ್ರಾಣಿಗಳ ಪರವಾಗಿ ಮಾತಾಡುವುದೂ ಸೂತ್ರಧಾರನ ಕೆಲಸ, ತಪ್ಪಿಸಿಕೊಳ್ಳುವಂತಿಲ್ಲ. "ಬಾಗಿಲ ಪಕ್ಕದಲ್ಲೇ ಹಾಸಿಗೆ" ಎಂದ ನಿಧಾನವಾಗಿ. "ಬರೋರು ದೀಪ ಹಾಕ್ತಾರೆ. ಹೋಗೋರು ಬಾಗಿಲು ಬಡೀತಾರೆ. ಬೇರೆ ಕೋಣೆ ಕೊಟ್ಟಿಲ್ಲ."

"ಮತ್ತೆ ಎಲ್ರನ್ನೂ 'ಯಾರದು, ಯಾರದು' ಅಂತ ಯಾಕೆ ಕೇಳ್ತೀಯ? ಬರೋದು ಯಾರು ಅಂತ ಗೊತ್ತಿಲ್ವಾ?"

"ಗೊತ್ತು."

"ಮತ್ತೆ?"

"ಕೇಳಿದ್ರೆ... ನಿಂತು ಒಂದು ಮಾತಾಡ್ತಾರೇನೋ ಅಂತ."

"ಆಡ್ತಾರಾ?"

"ಇಲ್ಲ. 'ನಾನು' ಅಂತಾರೆ. ಒಳಗೆ ಹೋಗ್ತಾರೆ."

ಕೆಳಗೆ ಕಾರಿನ ಹಾರನ್ ಕೇಳಿಸಿತು. ಅತ್ತೆ ಮಂಡಿ ಹಿಡಿದುಕೊಂಡು ಎದ್ದರು. "ಆಟ ಚೆನ್ನಾಗಿತ್ತು" ಎಂದರು. ಅದರಲ್ಲಿ ಕೊಂಕೇನೂ ಇರಲಿಲ್ಲ, ಅದೇ ನಮಗೆಲ್ಲ ಕಷ್ಟವಾದದ್ದು. ಷಡ್ಡಕ ಬಂದ, ಎಲ್ಲರಿಗೂ ನಮಸ್ಕಾರ ಹೇಳಿದ, ಟ್ರಂಕು ಎತ್ತಿಕೊಂಡು ಕೆಳಗೆ ಹೋದ. ಹೆಂಡತಿ ಗಂಡನನ್ನು ನೋಡಿದಳು. ಗಂಡ ದಾಳಗಳನ್ನು ನೋಡಿದ. ಅಂಥದ್ದನ್ನು ಬರೆದವನು ಈಗ ಯಾವ ಬಾಯಲ್ಲಿ 'ಇರಿ' ಅಂದಾನು?

ಅತ್ತೆ ಹೊಸಿಲು ದಾಟಿ ಚಪ್ಪಲಿ ಮೆಟ್ಟಿಕೊಂಡು ತಿರುಗಿದರು. "ಹೋಗ್ತೀನಿ ಅಳಿಯಂದಿರೇ" ಎಂದರು.

"ಅಮ್ಮಾ!" ಎಂದಳು ಮಗಳು.

ನಮ್ಮಲ್ಲಿ ಯಾರೂ ಹಾಗೆನ್ನುವುದಿಲ್ಲ. ಮೀಟರು ಬರೆದುಕೊಳ್ಳಲು ಬಂದವನೂ, ನಲ್ಲಿ ರಿಪೇರಿಗೆ ಬಂದು ಇನ್ನಷ್ಟು ಕೆಡಿಸಿದವನೂ 'ಬರ್ತೀನಿ' ಎಂದೇ ಹೋಗುತ್ತಾನೆ. ಜನ್ಮೇಪಿ ಮತ್ತೆ ಬರಬಾರದೆಂದು ಶಪಥ ಮಾಡಿದವನೂ 'ಬರ್ತೀನಿ' ಎನ್ನುತ್ತಾನೆ.

ಅಂದಾಜಪ್ಪ ಕುರ್ಚಿ ಕೆಡವಿಕೊಂಡು ಎದ್ದು ಬಂದ. "ಅತ್ತೆ, ಹೋಗ್ತೀನಿ ಅನ್ಬಾರ್ದು. ಹೋಗಿ ಬರ್ತೀನಿ ಅನ್ಬೇಕು."

"ಬಾ ಅಂದವರಿಗೆ ತಾನೇ ಅಳಿಯಂದಿರೇ, ಬರ್ತೀನಿ ಅನ್ನೋದು?"

ಅವನ ಮುಖ ನೋಡಲಾಗಲಿಲ್ಲ. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು, "ಬನ್ನಿ" ಎಂದ.

"ಕೇಳಿಸ್ಲಿಲ್ಲ. ಪೊರೆ ತೆಗೆದಿದ್ದು ಕಣ್ಣಿಂದು, ಕಿವೀದಲ್ಲ."

"ಬನ್ನಿ ಅತ್ತೆ!" ಎಂದು ಕೂಗಿಬಿಟ್ಟ. ಆ ಕೂಗಿಗೆ ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಬಾಗಿಲು ತೆರೆದವು. "ನನ್ನದು ತಪ್ಪಾಯ್ತು. ಬನ್ನಿ, ನಮ್ಮನೇಲೇ ಇರಿ!"

"ಹೂಂ. ಬಂದೆ" ಎಂದು ಅತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದರು. "ಕರೆದ ಮೇಲೆ ಬರ್ದೆ ಇರೋಕಾಗುತ್ತಾ? ಮಲಗೋ ಕೋಣೇಲಿ ನನಗೂ ಅವಳಿಗೂ ಹಾಸಿ. ನೀವು ದಿವಾನದ ಮೇಲೆ ಮಲಗಿ. ಹಾಗೇ ಕೆಳಗೆ ಹೋಗಿ ನನ್ನ ಟ್ರಂಕು ತಗೊಂಡ್ಬನ್ನಿ, ಭಾರ ಇದೆ."

ಅಂದಾಜಪ್ಪ ಕೆಳಗೆ ಹೋದ. ಕಾರಿನಿಂದ ಟ್ರಂಕು ಇಳಿಸಿಕೊಂಡ. ಪ್ರತಿ ಮಹಡಿಯಲ್ಲೂ ಜನ ಬಾಗಿಲಿಗೆ ಬಂದು ನಿಂತಿದ್ದರು. ಏನಾಯಿತು ಎಂದು ಕೇಳಿದವರಿಗೆಲ್ಲ ನಾನು ಚುಟುಕಾಗಿ, ಮುದಿ ಡ್ರ್ಯಾಗನ್ನನ್ನೂ ಬಿಡದೆ, ಹೇಳಿ ಮುಗಿಸಿದ್ದೆ. ಅವರ ನಡುವೆ ಅವನು ಒಂದೊಂದೇ ಮೆಟ್ಟಿಲು ಹತ್ತಿ ಬಂದ. ಕಿವಿ ಕೆಂಪಾಗಿತ್ತು. ನಾಚಿಕೆಯಿಂದ ತಲೆ ತಗ್ಗಿಸಬೇಕೆಂದು ಪಾಪ ಅವನಿಗೆ ಬಹಳ ಇತ್ತು. ಆದರೆ ತಲೆಯ ಮೇಲೆ ಅತ್ತೆಯ ಟ್ರಂಕಿತ್ತು.